ಎಲೆಯ ಜೊತೆ ತೂಗಿದ ವರದಿಗಳು

ಅಧ್ಯಕ್ಷ ಸ್ಥಾನದಲ್ಲಿರುವ ಡಾಕ್ಟರ್ ಸಂತೋಷ್‌ಕುಮಾರ್ ಅವರೇ, ಮುಖ್ಯ ಅತಿಥಿಗಳೇ, ನಮ್ಮ ನರ್ಸ್ ಸಿಂಧುಜಾ ಅವರೇ, ಎಲೆ ಕೀಳುವುದನ್ನು ಅರ್ಧಕ್ಕೆ ಬಿಟ್ಟು ಬಂದಿರುವ ಕಟ್ಟಬೆಟ್ಟಿನ ಸಭಿಕರೇ,

ನನ್ನನ್ನು ‘ಡಿಜಿಟಲ್ ಆರೋಗ್ಯ ಮಿತ್ರ’ ಎಂದು ಸನ್ಮಾನಿಸಿದ್ದೀರಿ. ಈ ಧರ್ಮಲಿಂಗಂ ಮಾಡಿದ್ದಾದರೂ ಏನು? ನಾನು ಟೀ ಎಲೆ ಸಂಗ್ರಹಿಸುವ ಶೆಡ್ ನಡೆಸುವವನು. ನಮ್ಮ ಹಟ್ಟಿಯಲ್ಲಿ ಟವರ್ ಸಿಗುವುದು ಆ ಶೆಡ್ಡಿನ ಮೆಟ್ಟಿಲ ಮೇಲೆ ಮಾತ್ರ. ಆಸ್ಪತ್ರೆಯ ಆ್ಯಪ್ ಬಂದಾಗ ಮೊಬೈಲ್ ನಂಬರ್ ಕೇಳಿದರು. ನೂರ ನಲವತ್ತಮೂರು ಜನ ನನ್ನ ನಂಬರನ್ನೇ ಕೊಟ್ಟರು. ಒಟಿಪಿ ಬಂದದ್ದು ನನಗೆ, ರಕ್ತ ಪರೀಕ್ಷೆಯ ವರದಿ ಬಂದದ್ದು ನನಗೆ, ಮಾತ್ರೆ ನುಂಗಿದಿರಾ ಎಂದು ದಿನಕ್ಕೆ ಮೂರು ಸಲ ಕೇಳಿದ್ದೂ ನನ್ನನ್ನೇ. ಎಲ್ಲರ ಪರವಾಗಿ ನಾನೇ ‘ಹೌದು’ ಒತ್ತಿದೆ. ರೋಗಿಗಳು ಇಷ್ಟು ಉತ್ಸಾಹದಿಂದ ಉತ್ತರಿಸುವ ಊರು ಬೇರೊಂದಿಲ್ಲ ಎಂದು ಅಧ್ಯಕ್ಷರು ಈಗಷ್ಟೇ ಹೊಗಳಿದರು. ಕ್ಷಮಿಸಿ ಡಾಕ್ಟರೇ, ಅದು ನಾನೊಬ್ಬನೇ.

ಎಲೆ ತೂಗುವಾಗ ಹೆಸರನ್ನೂ ತೂಕವನ್ನೂ ಕೂಗಿ ಹೇಳುವುದು ನಮ್ಮ ರೂಢಿ. ಮೋಸವಿಲ್ಲ ಎಂದು ಎಲ್ಲರಿಗೂ ಗೊತ್ತಾಗಬೇಕಲ್ಲ! ವರದಿಗಳನ್ನೂ ಹಾಗೆಯೇ ಕೂಗಿದೆ. ಕೆಂಪಿ, ಹದಿನೆಂಟು ಕಿಲೋ, ಸಕ್ಕರೆ ಮುನ್ನೂರ ಹತ್ತು. ಮಾನಸಾ ಬಸುರಿ ಎಂದು ಅವಳ ಗಂಡ ಸರವಣನಿಗೆ ತಿಳಿದದ್ದು ತೂಕದ ಸಾಲಿನಲ್ಲಿ ಹನ್ನೊಂದನೆಯವನಾಗಿ ನಿಂತಿದ್ದಾಗ, ಊರಿನವರೆಲ್ಲರ ಜೊತೆಗೆ. ಆಮೇಲೆ ಕೆಂಪಿ ರಕ್ತ ಪರೀಕ್ಷೆಗೆ ಹೋಗಲೇ ಇಲ್ಲ. ಸಕ್ಕರೆ ಇಳಿದಿರಬೇಕು ಎಂದುಕೊಂಡೆ.

ಹೋದ ತಿಂಗಳು ಈ ಸನ್ಮಾನಕ್ಕಾಗಿ ಯಾರು ಯಾವ ನಂಬರ್ ಕೊಟ್ಟಿದ್ದಾರೆಂಬ ಪಟ್ಟಿ ತೆಗೆದರು. ಹಟ್ಟಿಯಲ್ಲಿ ನನ್ನ ನಂಬರ್ ಕೊಡದವರು ಒಬ್ಬರೇ, ನನ್ನ ಹೆಂಡತಿ ಮಹಾಲಿಂಗಮ್ಮ. ಅವಳು ಸಿಂಧುಜಾ ಅವರ ನಂಬರ್ ಕೊಟ್ಟಿದ್ದಳು. ಎಂಟು ತಿಂಗಳಿಂದ ಊಟಿಯ ಆಸ್ಪತ್ರೆಗೆ ಹೋಗಿಬರುತ್ತಿದ್ದಳಂತೆ. ನಾನು ಅವಳ ತಂಗಿಯ ಮನೆಗೆ ಹೋಗುತ್ತಾಳೆ ಎಂದುಕೊಂಡಿದ್ದೆ.

ಏನು ಕಾಯಿಲೆ ಎಂದು ಕೇಳಿದೆ.

“ನಿಮಗೆ ಹೇಳಿದ್ರೆ ಎಲೆ ಜೊತೆ ತೂಗ್ತೀರಿ” ಎಂದಳು.

ಮೂವತ್ತೊಂದು ವರ್ಷದ ಸಂಸಾರ, ಸಭಿಕರೇ. ಸಿಂಧುಜಾ ಅವರ ಮೇಲೆ ಕೂಗಾಡಿದೆ, ಗಂಡನಿಗೆ ತಿಳಿಯುವ ಹಕ್ಕಿಲ್ಲವೇ ಎಂದೆ. ಅದನ್ನು ಮಹಾಲಿಂಗಮ್ಮನವರೇ ಹೇಳಬೇಕು ಎಂದು ಅವರು ರಿಜಿಸ್ಟರ್ ಮುಚ್ಚಿದರು. ಅವರು ಮಾಡಿದ್ದು ಸರಿ. ಕೆಂಪಿಯ ಸಕ್ಕರೆ ನನಗೆ ಬಾಯಿಪಾಠ. ನನ್ನ ಹೆಂಡತಿ ಯಾವ ಮಾತ್ರೆ ನುಂಗುತ್ತಾಳೋ ಗೊತ್ತಿಲ್ಲ. ನನಗೆ ಭಯವಾಗುತ್ತಿದೆ.

ಇದನ್ನು ಇಲ್ಲಿ ಹೇಳಲು ಅವಳ ಒಪ್ಪಿಗೆ ಕೇಳಿದೆ. ಗೊತ್ತಿದ್ದಷ್ಟು ಹೇಳಿ ಎಂದಳು. ಗೊತ್ತಿರುವುದು ಇಷ್ಟೇ.

ಸಭೆ ಮುಗಿದ ಮೇಲೆ ಸಿಂಧುಜಾ ಅವರು ಬಾಗಿಲ ಬಳಿ ಮೇಜು ಹಾಕಿಕೊಂಡು ಕೂರುತ್ತಾರೆ. ದಯವಿಟ್ಟು ನನ್ನ ನಂಬರ್ ತೆಗೆಸಿ, ನಿಮ್ಮದನ್ನು ಬರೆಸಿ. ಫೋನಿಲ್ಲದವರಿಗೆ ಅವರೇ ಮನೆಗೆ ಬಂದು ಮೆಲ್ಲಗೆ ಹೇಳುತ್ತಾರೆ. ಕೆಂಪಿ ಅಕ್ಕಾ, ತಪ್ಪಾಯಿತು, ನೀವು ಮತ್ತೆ ಪರೀಕ್ಷೆಗೆ ಹೋಗಬೇಕು.

ಮಹಾಲಿಂಗಮ್ಮ ಇವತ್ತು ಹನ್ನೊಂದೂವರೆಯ ಬಸ್ಸಿಗೆ ಆಸ್ಪತ್ರೆಗೆ ಹೊರಟಿದ್ದಾಳೆ. ನಾನೂ ಬರಲೇ ಎಂದು ಬೆಳಿಗ್ಗೆ ಕೇಳಿದೆ.

“ಬರೋದಾದ್ರೆ ಬನ್ನಿ. ಫೋನು ಮನೇಲಿರಲಿ” ಎಂದಳು.

ಮನೆಯಲ್ಲೇ ಇಟ್ಟು ಬಂದಿದ್ದೇನೆ. ಊಟಕ್ಕೆ ನಿಲ್ಲಲಾಗುವುದಿಲ್ಲ, ಅಧ್ಯಕ್ಷರು ಮನ್ನಿಸಬೇಕು. ಕರೆದದ್ದಕ್ಕೂ ಕೇಳಿದ್ದಕ್ಕೂ ಧನ್ಯವಾದ. ಬಸ್ಸು ಬರುವ ಹೊತ್ತಾಯಿತು, ಅವಳು ಕಾಯುತ್ತಿದ್ದಾಳೆ. ನಮಸ್ಕಾರ.