ಮೊದಲ ಹಲ್ಲು ಬಿದ್ದ ಜಾಗ

ಮಾಗಿಯ ಚಳಿ, ಬೆಳಗಿನ ಜಾವ. ಮಠದ ಗಂಟೆ ಇನ್ನೂ ಬಾರಿಸಿರಲಿಲ್ಲ. ಆ ಹೊತ್ತಿಗೆ ಶುರುವಾದ ಕಥೆ ಇದು. ನೀವೀಗ ಕೂತಿದ್ದೀರಲ್ಲ, ಇದೇ ಪಡಸಾಲೆಯ ಆ ಮೂಲೆಯ ಕಂಬಕ್ಕೆ ಒರಗಿ ಒಬ್ಬ ಹುಡುಗಿ ಕಂಬಳಿ ಹೊದ್ದು ಓದುತ್ತಿದ್ದಳು. ಹೆಸರು ದಾಕ್ಷಾಯಿಣಿ. ದೃಷ್ಟಾಂತದಲ್ಲಿ ಹೆಸರು ಹೇಳುವ ರೂಢಿ ಇಲ್ಲ. ಆದರೆ "ಹೇಳ್ರಿ ಅಜ್ಜಾರ, ನಾಕು ಮಂದಿಗೆ ಉಪಯೋಗ ಆಗ್ಲಿ" ಎಂದು ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.

ಮನೆ ಒಂದೇ ಕೋಣೆಯದು. ತಾಯಿ ಬಸಲಿಂಗವ್ವ ನಸುಕಿನಲ್ಲೇ ಎದ್ದು ಖಾನಾವಳಿಗೆ ರೊಟ್ಟಿ ಬಡಿಯುವಾಕೆ. ಆ ಸದ್ದಿನಲ್ಲಿ ಓದು ಹತ್ತುವುದಿಲ್ಲ ಎಂದು ಮಗಳು ಇಲ್ಲಿಗೆ ಬರುತ್ತಿದ್ದಳು. ಹಗಲೆಲ್ಲ ಹಾಲಿನ ಡೇರಿಯಲ್ಲಿ ಕಂಪ್ಯೂಟರ್ ಕೆಲಸ. ಏನು ಓದುತ್ತೀ ತಾಯಿ ಎಂದು ಕೇಳಿದೆ. ಸಾಲೆ ಅರ್ಧಕ್ಕೆ ಬಿಟ್ಟ ನನಗೂ ತಿಳಿಯುವಂತೆ ಹೇಳಿದಳು:

"ಕಂಪ್ಯೂಟರಿನ್ಯಾಗ ಕಳ್ಳರು ಹೊಗತಾರಲ್ರಿ ಅಜ್ಜಾರ, ಅವರನ್ನ ತಡಿಯೂ ವಿದ್ಯಾ. ಸೈಬರ್ ಸೆಕ್ಯುರಿಟಿ ಅಂತಾರ. ಈ ಪರೀಕ್ಷಾ ಪಾಸಾದ್ರ ಡೇರಿಯೊಳಗ ನನ್ನ ಕೆಲಸ ಕಾಯಂ ಆಕ್ಕೈತ್ರಿ."

ನೋಡಿ, ಕಾಯಂ. ತಾಯಿ-ಮಗಳ ಬಾಳು ಆ ಒಂದು ಮಾತಿನ ಮೇಲೆ ನಿಂತಿತ್ತು.

ಅವಳು ಗಟ್ಟಿಯಾಗಿ ಓದುತ್ತಿದ್ದಳು: ಊಹಿಸಲು ಬರುವ ಪಾಸ್‌ವರ್ಡ್ ಇಡಬಾರದು. ಗುರುತಿಲ್ಲದವರಿಗೆ ಮನೆಯ ವಿಷಯ ಹೇಳಬಾರದು. ಬತ್ತಿ ಹೊಸೆಯುತ್ತ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು. ಈಗಲೂ ಚಳಿ ಬಿದ್ದರೆ ಆ ದನಿ ನೆನಪಾಗುತ್ತದೆ.

ಹೀಗಿರಲು, ಬಸಲಿಂಗವ್ವನಿಗೆ ಒಂದು ಫೋನ್ ಬಂತು. ಎಂಥ ನಯದ ಮಾತು!

"ಅವ್ವಾರ, ಡೇರಿಯೊಳಗ ಇರೂ ನಿಮ್ಮ ಮಗಳಿಗೆ ಒಂದು ವರ ಐತ್ರಿ. ಸರಕಾರಿ ನೌಕರಿ ಹುಡುಗ."

"ಹೌದೇನಪಾ! ಯಾವೂರವರು ನೀವು?"

"ಅದೆಲ್ಲಾ ಬಂದು ಮಾತಾಡತೀವ್ರಿ. ಮೊದಲ ನಿಮ್ಮ ಮನಿದೇವ್ರು ಯಾರು ಹೇಳ್ರಿ. ಹುಡುಗಿ ಹುಟ್ಟಿದ ಇಸವಿ ಯಾವುದು? ಎಲ್ಲಾ ಹೊಂದತೈತಿಲ್ಲೋ ನೋಡಬೇಕಲ್ರಿ?"

ಹೇಳಿದಳು. ವೀರಭದ್ರದೇವರು ಎಂದಳು, ಇಸವಿಯನ್ನೂ ಹೇಳಿದಳು. ಕನ್ಯೆ ಕೇಳಿ ಬಂದವರಿಗೆ ಮನೆದೇವರ ಹೆಸರು ಹೇಳದ ತಾಯಿ ನಮ್ಮಲ್ಲಿ ಯಾರಿದ್ದಾಳೆ? ನೀವೇ ಹೇಳಿ, ಯಾರಿದ್ದಾಳೆ?

ಆದರೆ ಡೇರಿಯ ಕಂಪ್ಯೂಟರಿಗೆ ಮಗಳು ಇಟ್ಟ ಪಾಸ್‌ವರ್ಡ್ ಏನು? ಅದೇ ವೀರಭದ್ರ, ಅದರ ಮುಂದೆ ಅದೇ ಇಸವಿ! ಅವಳೊಬ್ಬಳೇ ಅಲ್ಲ, ಆ ಆಫೀಸಿನಲ್ಲಿ ಎಲ್ಲರೂ ತಮ್ಮ ತಮ್ಮ ಮನೆದೇವರನ್ನೇ ಇಟ್ಟಿದ್ದರು. ದೇವರು ಕಾಯುತ್ತಾನೆಂಬ ಭರವಸೆ. ದಿನಾ ಬೆಳಗ್ಗೆ ನನ್ನ ಕಿವಿಗೆ ಬೀಳುತ್ತಿದ್ದ ಪಾಠ ಅವಳ ಬೆರಳಿಗೆ ಇಳಿದಿರಲಿಲ್ಲ ನೋಡಿ.

ವಾರ ಕಳೆಯುವುದರೊಳಗೆ ಅವಳ ಹೆಸರಿನಲ್ಲಿ ಯಾರೋ ಒಳಹೊಕ್ಕು ಡೇರಿಯ ಕಂಪ್ಯೂಟರುಗಳಿಗೆಲ್ಲ ಬೀಗ ಜಡಿದರು. ಹಾಲಿನ ತೂಕ ನಿಂತಿತು, ಕೊಬ್ಬಿನ ತಪಾಸಣೆ ನಿಂತಿತು. ಬಿಸಿಲೇರಿತು, ಸಾಲುಗಟ್ಟಿದ ಕ್ಯಾನುಗಳಲ್ಲಿ ಹಾಲು ಒಡೆಯಿತು. ಗಟಾರದಲ್ಲಿ ಬೆಳ್ಳಗೆ ಹರಿದುಹೋದದ್ದನ್ನು ನೋಡಿದವರು ಇಲ್ಲೇ ಕೂತಿದ್ದೀರಿ.

ತಾಯಿಗೆ ಬಂದ ಫೋನಿನ ಸಂಗತಿ ತಿಳಿದ ಮೇಲೆ ದಾಕ್ಷಾಯಿಣಿ ಮುಚ್ಚಿಡಲಿಲ್ಲ. ತಾನೇ ಹೋಗಿ ಸಾಹೇಬರಿಗೆ ಹೇಳಿದಳು. ಅವರು ಅಂದರು, "ಈ ಸಲ ಪರೀಕ್ಷಾ ಪಾಸ್ ಮಾಡಿ ತೋರಿಸು. ಇಲ್ಲಂದ್ರ ನಿನ್ನ ಜಾಗಾಕ್ಕ ಬ್ಯಾರೆಯವರನ್ನ ತರತೀನಿ." ಹಾಲಿನ ಗಾಡಿಯವರು ಬಿಟ್ಟಾರೆಯೇ? "ಏನವಾ, ಕಳ್ಳರನ್ನ ಹಿಡಿಯೂದು ಕಲಿಯಾಕತ್ತಿದ್ದಿ! ನಿಮ್ಮ ವೀರಭದ್ರ ಮಕ್ಕೊಂಡಿದ್ನೇನು?"

ಮರುದಿನ ದಾಕ್ಷಾಯಿಣಿ ಇಲ್ಲಿಗೆ ಬಂದು ಕಂಬಳಿ ಮಡಚಿಟ್ಟು, "ಓದೂದು ಬಿಟ್ಟೆರಿ ಅಜ್ಜಾರ" ಎಂದಳು. ಹಿಂದೆಯೇ ಬಸಲಿಂಗವ್ವ ಓಡಿ ಬಂದಳು, ಕೈಯೆಲ್ಲ ಜೋಳದ ಹಿಟ್ಟು.

"ಬಾಯಿ ಬಿಟ್ಟಾಕಿ ನಾನು. ನೀ ಯಾಕ ಓದು ಬಿಡತಿ?"

"ನಾ ನಿನಗ ಯಾವತ್ತರ ಹೇಳಿದ್ನೇನಬೇ? ಓದಿದ್ದನ್ನ ನಾನಾದ್ರೂ ಎಲ್ಲಿ ಮಾಡಿದ್ನಿ?"

"ಹಂಗಾದ್ರ ಈಗ ಹೇಳು. ನಾ ರೊಟ್ಟಿ ಬಡಿಯೂಮುಂದ ಎದುರಿಗೆ ಕುಂತು ಓದು. ನನ್ನಂಥಾ ದಡ್ಡಿಗೆ ತಿಳಿದ್ರ ಯಾವ ಪರೀಕ್ಷಾದಾಗರೆ ಪಾಸಾಗತಿ."

ಅಂದಿನಿಂದ ಆ ಕಂಬದ ಬುಡ ಖಾಲಿಯಾಯಿತು. ಓದು ರೊಟ್ಟಿಯ ಒಲೆಯ ಮುಂದೆ ನಡೆಯಿತು. ಮಗಳು ಏನು ಓದಿದರೂ ತಾಯಿಯದು ಒಂದೇ ಪ್ರಶ್ನೆ: "ಅಂದ್ರ ನಾ ಏನ್ ಮಾಡಬೇಕು?" ಅದಕ್ಕೆ ಉತ್ತರ ಸಿಗದೆ ಮುಂದಿನ ರೊಟ್ಟಿ ಹಂಚಿಗೆ ಬೀಳುತ್ತಿರಲಿಲ್ಲ.

ಒಮ್ಮೆ ದಾಕ್ಷಾಯಿಣಿ ಗೆಳತಿಯ ಫೋನಿನಿಂದ ತಾಯಿಗೆ ಕರೆ ಮಾಡಿದಳು. "ಮಗಳು ಅಂತ ಹೆಂಗ ನಂಬಲಿ? ನಿನ್ನ ಮೊದಲನೇ ಹಲ್ಲು ಎಲ್ಲಿ ಬಿತ್ತು ಹೇಳು" ಎಂದಳು ಬಸಲಿಂಗವ್ವ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯುವುದು ನಮ್ಮ ಪದ್ಧತಿ. ಕಳ್ಳನಾಗಿದ್ದರೆ ಮಾಳಿಗೆ ಎನ್ನುತ್ತಿದ್ದ. ಈ ಹುಡುಗಿ ಒಗೆದ ಹಲ್ಲು ಮಾಳಿಗೆ ಮುಟ್ಟಲೇ ಇಲ್ಲವಂತೆ! ಎಲ್ಲಿ ಬಿತ್ತೆಂಬುದು ಅವರಿಬ್ಬರಿಗೇ ಗೊತ್ತು. ನನಗೆ ಗೊತ್ತಿಲ್ಲ. ನಾನು ಕೇಳಲೂ ಬಾರದು.

ಪರೀಕ್ಷೆ ಪಾಸಾಯಿತು. ಕೆಲಸ ಕಾಯಂ ಆಯಿತು. ಅದಕ್ಕಿಂತ ದೊಡ್ಡ ಪರೀಕ್ಷೆಗಳನ್ನೂ ಕಟ್ಟಿದಳು, ಎಲ್ಲವನ್ನೂ ಅದೇ ಒಲೆಯ ಮುಂದೆ ಓದಿ. ಇಂದು ಆ ಡೇರಿಯ ಕಂಪ್ಯೂಟರುಗಳನ್ನೆಲ್ಲ ಕಾಯುವವಳು ಅವಳೇ.

ಈಗ ನಿಮ್ಮ ಮಾತಿಗೆ ಬರುತ್ತೇನೆ. ಪ್ರತಿ ಶ್ರಾವಣಕ್ಕೂ ಬರುತ್ತೀರಿ, ಕೇಳುತ್ತೀರಿ, ತಲೆದೂಗುತ್ತೀರಿ, ಪ್ರಸಾದ ತೆಗೆದುಕೊಂಡು ಹೋಗುತ್ತೀರಿ. ಒಬ್ಬರಾದರೂ "ಅಂದ್ರ ನಾ ಏನ್ ಮಾಡಬೇಕು?" ಎಂದು ಕೇಳಿದ್ದೀರಾ? ಇವತ್ತು ನಾನೇ ಹೇಳುತ್ತೇನೆ. ಮನೆಗೆ ಹೋದೊಡನೆ ಫೋನಿನ ಬೀಗದಿಂದ ದೇವರ ಹೆಸರು ತೆಗೆಯಿರಿ. ಅದು ನಾಲಿಗೆಯ ಮೇಲಿರಲಿ. ನಯವಾಗಿ ಮಾತಾಡುವವರು ಫೋನಿನಲ್ಲಿ ಸಿಕ್ಕರೆ ಮೊದಲು ಯಾರೆಂದು ಕೇಳಿ. ಉತ್ತರ ಬಾರದಿದ್ದರೆ ಇಟ್ಟುಬಿಡಿ. ಓದುವ ಮಕ್ಕಳೇ, ಬೆಳಗ್ಗೆ ಓದಿದ್ದನ್ನು ಸಂಜೆಯೊಳಗೆ ಒಂದಾದರೂ ಕೈಯಿಂದ ಮಾಡಿ, ಮನೆಯಲ್ಲಿ ಓದು ಬಾರದವರ ಮುಂದೆ ಕೂತು ಹೇಳಿ. ಅವರಿಗೆ ತಿಳಿಯುವವರೆಗೂ ನಿಮಗೂ ತಿಳಿದಿಲ್ಲವೆಂದೇ ಎಣಿಸಿ.

ಬಸಲಿಂಗವ್ವ ಹಾಸಿಗೆ ಹಿಡಿದಾಗ ನಾನು ನೋಡಲು ಹೋಗಿದ್ದೆ. ಕಣ್ಣು ಪೂರಾ ಮಂಜಾಗಿತ್ತು. ಡೇರಿಯಿಂದ ಓಡಿಬಂದ ಮಗಳು ಕೈ ಹಿಡಿದಳು.

"ಯಾರು?"

"ನಾನಬೇ, ದಾಕ್ಷಾಯಿಣಿ."

"ಹೆಂಗ ನಂಬಲಿ?" ಎಂದಳು ಬಸಲಿಂಗವ್ವ, ತುಟಿಯಲ್ಲಿ ಸಣ್ಣ ನಗೆ. "ಹಲ್ಲು ಎಲ್ಲಿ ಬಿತ್ತು?"

ಮಗಳು ಬಗ್ಗಿ ಕಿವಿಯಲ್ಲಿ ಹೇಳಿದಳು. ಸುತ್ತ ನಿಂತ ನಮಗೆ ಯಾರಿಗೂ ಕೇಳಿಸಲಿಲ್ಲ. ತಾಯಿ ಆ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಬಸಲಿಂಗವ್ವ ಹೋದದ್ದು ಅಂದೇ ಸಂಜೆ, ಈ ಶ್ರಾವಣದ ಮೊದಲ ಸೋಮವಾರ.