ಯಾವ ಇಂಜಿನ್ನು ಅದು?

ಕೊಪ್ಪದ ಕಡೆ ರಾತ್ರಿ ಒಬ್ಬರೇ ನಡೆದು ಬರುವಾಗ, ಬಾವಿಕಟ್ಟೆ ಮೇಲೆ ಕೂತು ಯಾರಾದರೂ ಇಂಜಿನ್ ವಿಷಯ ಕೇಳಿದರೆ, ದಮ್ಮಯ್ಯ, ಉತ್ತರ ಕೊಡಬೇಡಿ.

ನಗಬೇಡಿ. ಉತ್ತರ ಕೊಟ್ಟವನು ನನ್ನ ಚಿಕ್ಕಪ್ಪನ ಮಗ ಶಿವು. ಮದ್ದೂರಲ್ಲಿ ಅವನದೊಂದು ಸಣ್ಣ ಗ್ಯಾರೇಜಿದೆ. ಅವನು ಸುಳ್ಳು ಹೇಳಿರಬಹುದು ಅನ್ನೋ ಅನುಮಾನ ಇಟ್ಕೋಬೇಡಿ. ಕತೆ ಕಟ್ಟೋಷ್ಟು ಬುದ್ಧಿ ದೇವರು ಅವನಿಗೆ ಕೊಟ್ಟಿಲ್ಲ. ನಟ್ಟು ಬೋಲ್ಟು ಬಿಟ್ಟರೆ ಆ ತಲೇಲಿ ಬೇರೇನೂ ನಿಲ್ಲೋದಿಲ್ಲ. ಅಲ್ಲದೆ ಕೊನೆಯದನ್ನ ನಾನೇ ಕಣ್ಣಾರೆ ನೋಡಿದ್ದೀನಿ.

ಆ ರಾತ್ರಿ ಅವನು ಹಳೇ ಆಲೆಮನೆ ಶೆಡ್ಡಿನಿಂದ ಮನೆಗೆ ನಡೆದು ಬರ್ತಿದ್ದ. ಬೈಕು ಪಂಕ್ಚರ್ ಆಗಿತ್ತು. ಊರವರ ಗಾಡಿ ರಿಪೇರಿ ಮಾಡೋನ ಗಾಡಿ ಯಾವತ್ತು ಸರಿಯಾಗಿತ್ತು ಹೇಳಿ. ಬೆಳದಿಂಗಳಿಲ್ಲ. ದಾರಿಯ ಎರಡೂ ಕಡೆ ಭತ್ತದ ಗದ್ದೆ. ಕಪ್ಪೆಗಳು ಕಿವಿ ಕಿತ್ತುಹೋಗೋ ಹಂಗೆ ಕೂಗ್ತಿದ್ದವು... ಆಲದ ಮರ ಹತ್ತಿರ ಬಂದಿದ್ದೇ ತಡ, ಅಷ್ಟೂ ಕಪ್ಪೆಗಳು ಒಟ್ಟಿಗೆ ಸುಮ್ಮನಾದವು.

ಮರದ ಕೆಳಗೆ ಬಾವಿ. ಅಲ್ಲಿ ನೀರು ಸೇದೋದು ನಿಂತು ಎಷ್ಟೋ ವರ್ಷ ಆಯ್ತು. ರಾಟೆಗೆ ಹಗ್ಗ ಕೂಡ ಇಲ್ಲ. ಆ ರಾಟೆ ಕಿರ್ರ್... ಅಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಿರ್ರ್... ಗಾಳಿ ಇರಲಿಲ್ಲ.

ಕಟ್ಟೆ ಮೇಲೆ ಯಾರೋ ಕೂತಿದ್ದರು. ಹೆಗಲ ಮೇಲೆ ಟವೆಲ್ಲು, ಬಾಯಲ್ಲಿ ಬೀಡಿ. ಬೆಂಕಿಪೊಟ್ಟಣಾನ ಎರಡೂ ಮಂಡಿ ನಡುವೆ ಸಿಕ್ಕಿಸಿಕೊಂಡು ಎಡಗೈಯಲ್ಲೇ ಕಡ್ಡಿ ಗೀರಿದ. ಕಡ್ಡಿ ಹತ್ತಲಿಲ್ಲ. ಶಿವುಗೆ ಮುಖ ಕಾಣಿಸಲಿಲ್ಲ.

"ಯಾರ್ಲಾ ಅದು?"

"ನಾನು ಸಿವು ಕಣಣ್ಣ. ಉಚ್ಚೀರಯ್ಯನ ಮಗ."

"ಎಲ್ಲಿಂದ ಬತ್ತಾ ಇದ್ದೀಯೆ?"

"ಆಲೆಮನೆ ಸೆಡ್ಡಿಂದ."

ಅವನು ಇನ್ನೊಂದು ಕಡ್ಡಿ ಗೀರಿದ. ಅದೂ ಹತ್ತಲಿಲ್ಲ. ಆಮೇಲೆ, ಪಿಸುಮಾತಲ್ಲಿ...

"ಅಲ್ಲಿ ಕಾರೈತಲ್ಲ. ಯಾವ ಇಂಜಿನ್ನು ಅದು?"

ಈಗ ಆ ಕಾರಿನ ವಿಷಯ ನಿಮಗೆ ಹೇಳಲೇಬೇಕು. ಆಲೆಮನೆ ಅಂದರೆ ಕಬ್ಬು ಅರೆದು ಬೆಲ್ಲ ಕಾಯಿಸೋ ಜಾಗ. ಅದು ಮುಚ್ಚಿ ಐವತ್ತು ವರ್ಷದ ಹತ್ತಿರ ಆಯ್ತು. ಮಂಡ್ಯದ ಅನಂತರಾಮು ಅವರದು. ಅವರ ಹತ್ತಿರ ಎರಡೇ ಸೀಟಿನ, ಮೇಲೆ ಚಾವಣಿ ಇಲ್ಲದ ಒಂದು ಕೆಂಪು ಎಂಜಿ ಕಾರಿತ್ತು. ಇಂಗ್ಲೆಂಡಿನದು, ಓಡಿಸೋ ಷೋಕಿಗೆ ಅಂತಲೇ ಮಾಡಿದ್ದು. ಅವರು ಹೋದಮೇಲೆ ಅದು ಶೆಡ್ಡಲ್ಲೇ ಧೂಳು ಕುಡೀತಾ ನಿಂತಿತ್ತು. ಈಗ ಅವರ ಮಗ ಮಧುಕರ ಅವರಿಗೆ ಅಪ್ಪನ ಕಾರು ಮತ್ತೆ ರಸ್ತೆ ಮೇಲೆ ಓಡಬೇಕು ಅನ್ನೋ ಆಸೆ ಹುಟ್ಟಿತು. ಶಿವುನ ಕರೆಸಿ, "ಇದರಲ್ಲಿ ಇರೋದು ಇದರದೇ ಇಂಜಿನ್ನಾ, ಬೇರೆ ಯಾವುದಾದರೂ ಕೂರಿಸಿದ್ದಾರಾ? ಅದೊಂದನ್ನ ಖಚಿತ ಮಾಡಿ ಹೇಳಪ್ಪ" ಅಂದರು.

ನೋಡಿದ ತಕ್ಷಣ ಹೇಳೋಕೆ ಬರಲ್ಲವಂತೆ. ಆ ಕಾರಿನ ಇಂಜಿನ್ನೂ ನಮ್ಮ ಹಳೇ ಅಂಬಾಸಿಡರ್ ಇಂಜಿನ್ನೂ ದಾಯಾದಿಗಳ ಥರ, ಮುಖ ಒಂದೇ. ನಂಬರು ನೋಡಿ ಗುರುತು ಹಿಡೀಬೇಕು. ನಂಬರಿನ ತಗಡು ಇರಲೇ ಇಲ್ಲ. ಎರಕದಲ್ಲಿ ಮೂಡಿದ್ದ ಅಕ್ಷರಗಳನ್ನೂ ಯಾರೋ ಅರ ಹಾಕಿ ಉಜ್ಜಿಬಿಟ್ಟಿದ್ದರು. ಅರದ ಗೀರು ಕೈಗೆ ಸಿಗ್ತಿತ್ತು.

ಶಿವು ಮನೇಲಿ ಇದನ್ನ ಹೇಳಿದಾಗ ನಮ್ಮ ಚಿಕ್ಕಪ್ಪ, ಹುಚ್ಚೀರಯ್ಯ, ಮುದ್ದೆ ಮುರೀತಿದ್ದ ಕೈ ಹಂಗೇ ನಿಲ್ಲಿಸಿದರು.

"ಅಂಬಾಸಿಡರ್ ಇಂಜಿನ್ನು ಅನ್ನು. ಯಾರು ಕೇಳಿದ್ರೂ ಅಂಗೇ ಅನ್ನು" ಅಂದರು.

"ನೋಡ್ದಲೆ ಎಂಗಪ್ಪ ಏಳದು?"

"ನೋಡಬ್ಯಾಡ ಕಣ್ಲಾ. ಅಂಗನ್ನು."

ಅಷ್ಟೇ. ಯಾಕೆ ಅಂತ ಹೇಳಲಿಲ್ಲ. ನಮ್ಮ ಚಿಕ್ಕಮ್ಮ ಚಿಕ್ಕನಂಜಮ್ಮ ಎದ್ದು ಒಳಗೆ ಹೋದರು. ನಮ್ಮ ಕಡೆ ಹಿರಿಯರಲ್ಲಿ ಒಂದು ಪದ್ಧತಿ ಇತ್ತು. ಒಂದು ಯಂತ್ರ ಮನುಷ್ಯನ ಪ್ರಾಣ ತಗೊಂಡರೆ ಅದನ್ನ ಒಡೆಯೋ ಹಾಗಿಲ್ಲ, ಮಾರೋ ಹಾಗಿಲ್ಲ. ಅದರ ನಂಬರು ಉಜ್ಜಿ, ಬೇರೆ ಹೆಸರು ಹೇಳಿ, ಮೂಲೇಲಿ ಇಡಬೇಕು. ಸತ್ತವನು ಹುಡುಕಿಕೊಂಡು ಬಂದರೂ ಗುರುತು ಸಿಗಬಾರದು, ಅದಕ್ಕೆ. ಶಿವುಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳ್ತಿದ್ದನೋ ಇಲ್ಲವೋ. ಎಂಜಿ ಇಂಜಿನ್ನನ್ನ ಅಂಬಾಸಿಡರ್ ಅನ್ನೋದು ಅವನಿಗೆ ಎಮ್ಮೆನ ಹಸು ಅಂದಂಗೆ.

ಅವತ್ತು ಸಂಜೆ ಅವನು ಇಂಜಿನ್ನಿನ ಹೆಡ್ಡು ಬಿಚ್ಚಿದ್ದ. ಹೆಡ್ಡು ಅಂದರೆ ಮೇಲಿನ ಭಾಗ. ಅದು ಬಿಚ್ಚಿದರೆ ಇಂಜಿನ್ನು ಬಾಯಿ ತೆರೆದುಕೊಂಡು ಸುಮ್ಮನೆ ಕಬ್ಬಿಣ ಆಗಿ ಕೂತಿರುತ್ತೆ, ಏನು ಮಾಡಿದರೂ ಓಡಲ್ಲ. ಹೆಡ್ಡಿನೊಳಗಿನ ಒಂದು ವಾಲ್ವು, ಅಂದರೆ ಗಾಳಿ ಒಳಗೆ ಬಿಡೋ ಮುಚ್ಚಳ, ಬಿಚ್ಚಿ ಅಳೆದ. ಅಂಬಾಸಿಡರ್‌ದು ಚಿಕ್ಕದು. ಇದು ದೊಡ್ಡದಿತ್ತು. ಸಂಶಯವೇ ಇಲ್ಲ. ಹೆಡ್ಡನ್ನ ಗೋಣಿಚೀಲದ ಮೇಲಿಟ್ಟು, ಆ ವಾಲ್ವನ್ನ ಜೇಬಿಗೆ ಹಾಕಿಕೊಂಡು, ಶೆಡ್ಡಿಗೆ ಬೀಗ ಹಾಕಿ, ಖುಷಿಯಾಗಿ ಹೊರಟಿದ್ದ.

ಖುಷಿಯಾಗಿದ್ದವನ ಬಾಯಿ ನಿಲ್ಲಬೇಕಲ್ಲ.

"ಯಾವ ಇಂಜಿನ್ನು ಅದು?" ಕಟ್ಟೆ ಮೇಲಿನವನು ಮತ್ತೆ ಕೇಳಿದ. "ಅಂಬಾಸಿಡರ್ದು ಅಂತಾರಲ್ಲ?"

"ಯಾರು ಅಂದೋರು? ಅದರದೇ ಇಂಜಿನ್ನು ಕಣಣ್ಣ. ನಾನೇ ಬಿಚ್ಚಿ ನೋಡಿವ್ನಿ."

"ನಿಜವಾ?"

"ನಿಜ."

ರಾಟೆಯ ಸದ್ದು ನಿಂತಿತು. ಅವನು ಕಟ್ಟೆಯಿಂದ ಇಳಿದ. ಇಳಿಯುವಾಗ ಟವೆಲ್ಲು ಜಾರಿತು. ಬಲಗಡೆ ಹೆಗಲಿಂದ ಕೆಳಗೆ... ಏನೂ ಇರಲಿಲ್ಲ.

"ಅಂಗಾರೆ ಸಿಕ್ತು ಬುಡು" ಅಂದ. ಶಿವು ಬಂದ ದಾರೀಲೇ, ಶೆಡ್ಡಿನ ಕಡೆಗೆ ನಡೆದ. ಕಾಲಸಪ್ಪಳ ಇಲ್ಲ. ಅವನು ಕತ್ತಲಲ್ಲಿ ಕಾಣದೆ ಹೋದಮೇಲೆ ಕಪ್ಪೆಗಳು ಕೂಗೋಕೆ ಶುರು ಮಾಡಿದವು.

ಶಿವು ಓಡಿ ಮನೆ ಸೇರಿದ. ಚಿಕ್ಕಪ್ಪ ಜಗಲಿ ಮೇಲೆ ಕೂತಿದ್ದರು. ಒಂದೇ ಉಸಿರಿಗೆ ಎಲ್ಲ ಹೇಳಿದ. ಬೈತಾರೆ ಅಂತ ಕಾದ. ಬೈಯಲಿಲ್ಲ.

"ಬಲಗೈ ಇರ್ನಿಲ್ವಾ?" ಅಂತ ಮಾತ್ರ ಕೇಳಿದರು.

"ಇರ್ನಿಲ್ಲ."

"ನಿಂಗಯ್ಯಣ್ಣ" ಅಂದರು. ಆಮೇಲೆ ಮೆಲ್ಲಗೆ, ಯಾರಾದರೂ ಕೇಳಿಸಿಕೊಂಡಾರು ಅನ್ನೋ ಹಂಗೆ ಹೇಳಿದರು. ಆಲೆಮನೇಲಿ ಗಾಣದ ಇಂಜಿನ್ನು ಕೆಟ್ಟಾಗ ಅನಂತರಾಮು ಅವರು ಕಾರಿನ ಇಂಜಿನ್ನು ಬಿಚ್ಚಿಸಿ ಗಾಣಕ್ಕೆ ಕೂರಿಸಿದ್ದರಂತೆ. ಅದನ್ನ ನೋಡಿಕೊಳ್ಳೋ ಕೆಲಸ ಚಿಕ್ಕಪ್ಪನದು. ಆಗಿನ್ನೂ ಮೀಸೆ ಚಿಗುರೋ ವಯಸ್ಸು. ಇಂಜಿನ್ನಿಗೆ ಒಂದು ತಂತಿ, ತಂತಿಯ ತುದಿಗೆ ಮರದ ಹಿಡಿ. ಎಳೆದರೆ ಜೋರು, ಬಿಟ್ಟರೆ ನಿಂತೇ ಹೋಗೋದು. ನಿಂಗಯ್ಯ ಗಾಣಕ್ಕೆ ಕಬ್ಬು ಕೊಡ್ತಿದ್ದ. ಒಂದು ದಿನ ಕಬ್ಬಿನ ಜೊತೆ ಅವನ ಕೈಯೂ ಹೋಯ್ತು. "ಬುಡ್ಲಾ... ಬುಡ್ಲಾ..." ಅಂತ ಕೂಗಿದ.

"ನಾನು ಎಳದ್ಬುಟ್ಟೆ ಕಣ್ಲಾ" ಅಂದರು ಚಿಕ್ಕಪ್ಪ. "ಗಾಬ್ರೀಲಿ ಎಳದ್ಬುಟ್ಟೆ. ಬುಡಕ್ಕೆ ಕೈ ಬರ್ನಿಲ್ಲ."

ನಿಂಗಯ್ಯ ಆಸ್ಪತ್ರೆ ಮುಟ್ಟಲಿಲ್ಲ. ಇಂಜಿನ್ನನ್ನ ವಾಪಸ್ಸು ಕಾರಿಗೆ ಕೂರಿಸಿ, ತಗಡು ಕಿತ್ತು, ಅಕ್ಷರ ಉಜ್ಜಿದವರು ಚಿಕ್ಕಪ್ಪನೇ. ಬಾವಿ ಹತ್ತಿರ ಅವರನ್ನೂ ಅವನು ಕೇಳಿದ್ದನಂತೆ, ಒಂದು ಸಲ ಅಲ್ಲ, ಎಷ್ಟೋ ಸಲ. ಪ್ರತಿಸಲವೂ ಅಂಬಾಸಿಡರ್‌ದು ಅಂತ ಹೇಳಿ, ಹಿಂದೆ ತಿರುಗದೆ ಬಂದುಬಿಡ್ತಿದ್ದರಂತೆ.

ಶಿವುಗೆ ಅಳು ಬಂತು. ಅಪ್ಪನ ಪ್ರಾಣಾನ ತಾನೇ ಕೈಯಾರೆ ಕೊಟ್ಟು ಬಂದೆ ಅನ್ನಿಸ್ತು. ಬಾಗಿಲಿಗೆ ಅಗುಳಿ ಹಾಕಿ ಅಪ್ಪನ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡ. ನಿದ್ದೆ ಮಾಡಬಾರದು ಅಂದುಕೊಂಡ. ನಮ್ಮ ಶಿವು ತಾನೇ... ಮಲಗಿಬಿಟ್ಟ.

ಎಚ್ಚರ ಆಗಿದ್ದು ಸದ್ದಿಗೆ.

ದೂರದಲ್ಲಿ, ಗದ್ದೆ ಆಚೆ, ಹ್ಯಾಂಡಲ್ ತಿರುಗಿಸೋ ಸದ್ದು. ಘರ್ರ್... ಘರ್ರ್... ಧಡ್. ಆಮೇಲೆ ಹತ್ತಿಕೊಂಡಿತು. ದಡದಡದಡದಡ... ಅದರ ಅಡಿಯಲ್ಲಿ ಟಿಕಟಿಕ ಅನ್ನೋ ಸಣ್ಣ ವಾಲ್ವಿನ ಸದ್ದು. ಶಿವುಗೆ ಯಾರೂ ಹೇಳಬೇಕಾಗಿರಲಿಲ್ಲ. ಅದೇ ಇಂಜಿನ್ನು. ಅದರ ಹೆಡ್ಡು ಗೋಣಿಚೀಲದ ಮೇಲಿದೆ. ವಾಲ್ವು ಅವನ ಜೇಬಲ್ಲಿದೆ.

ಮಂಚ ಖಾಲಿ. ಅಗುಳಿ ತೆಗೆದಿತ್ತು. ಮೊಳೆಗೆ ನೇತುಹಾಕಿದ್ದ ಶೆಡ್ಡಿನ ಬೀಗದಕೈ ಇರಲಿಲ್ಲ.

ಶಿವು ಗದ್ದೆ ಬದುವಿನ ಮೇಲೆ ಓಡಿದ. ಎರಡು ಸಲ ಕೆಸರಿಗೆ ಬಿದ್ದ. ಹತ್ತಿರ ಹೋದಷ್ಟೂ ಇನ್ನೊಂದು ಸದ್ದು ಕೇಳಿಸ್ತಿತ್ತು. ಕರಕರ... ಕರಕರ... ಜಲ್ಲೆ ಅರೆಯೋ ಸದ್ದು. ಆ ಶೆಡ್ಡಲ್ಲಿ ಗಾಣ ಇಲ್ಲ, ಎಂದೋ ಗುಜರಿಗೆ ಹೋಯ್ತು. ಸುತ್ತಮುತ್ತ ಒಂದು ಜಲ್ಲೆ ಕಬ್ಬೂ ಇರಲಿಲ್ಲ.

ಬಾಗಿಲು ತೆರೆದಿತ್ತು. ಮೊಬೈಲ್ ಬೆಳಕು ಬಿಟ್ಟ. ಚಿಕ್ಕಪ್ಪ ಕಾರಿನ ಮುಂದೆ ನಿಂತಿದ್ದರು. ಬಾಯಿ ತೆರೆದ ಇಂಜಿನ್ನು ಅಲ್ಲಾಡದೆ ಕೂತಿದೆ... ಸದ್ದು ಮಾತ್ರ ಶೆಡ್ಡಿನ ತಗಡನ್ನ ನಡುಗಿಸ್ತಿದೆ. ಚಿಕ್ಕಪ್ಪನ ಬಲಗೈ ಗಾಳೀಲಿ ಮುಂದಕ್ಕೆ ಚಾಚಿತ್ತು. ಮುಷ್ಟಿ ಬಿಗಿ. ಏನನ್ನೋ ಎಳೆದು ಹಿಡಿದಂಗೆ. ಮೈಯೆಲ್ಲ ಆ ಕೈಯ ಹಿಂದೆ ಮುಂದಕ್ಕೆ ಹೋಗ್ತಿತ್ತು, ಇಂಚಿಂಚಾಗಿ.

ಶಿವು ಸೊಂಟ ಹಿಡಿದು ಎಳೆದ. ಕದಲಲಿಲ್ಲ.

ಆಗ ಎದುರಿಂದ, ಕಾರಿನ ಆಚೆ ಕತ್ತಲಿಂದ, ಅದೇ ಪಿಸುಮಾತು.

"ಬುಡ್ಲಾ."

"ಬುಡಕ್ಕಾಯ್ತಾ ಇಲ್ಲ ಕಣಣ್ಣ" ಅಂದರು ಚಿಕ್ಕಪ್ಪ. ಸಣ್ಣ ಹುಡುಗನ ದನಿ ಅಂತ ಶಿವು ಹೇಳ್ತಾನೆ. ಎಪ್ಪತ್ತರ ಹತ್ತಿರ ಇರೋ ಮನುಷ್ಯನದಲ್ಲ.

"ಬುಡ್ಲಾ... ನೋಯ್ತದೆ."

ಶಿವು ಅಪ್ಪನ ಮುಷ್ಟಿಗೆ ಕೈ ಹಾಕಿದ. ಕಬ್ಬಿಣ ಹಿಡಿದಂಗಿತ್ತು, ಸುಡ್ತಿತ್ತು. ಕಿರುಬೆರಳು ಬಿಡಿಸಿದ. ಉಂಗುರದ ಬೆರಳು ಬಿಡಿಸಿದ. ಸದ್ದು ಏರುತ್ತಾ ಏರುತ್ತಾ ಕಿವಿ ಗುಂಯ್ ಅಂತು. ಕೊನೇ ಎರಡು ಬೆರಳು ಅವನಿಂದ ಆಗಲಿಲ್ಲ. ಚಿಕ್ಕಪ್ಪನೇ ಬಿಟ್ಟರು. ಹೋ ಅಂತ ಅಳ್ತಾ ಬಿಟ್ಟರು.

ದಡದಡ... ದಡ... ದಡ್. ನಿಂತಿತು.

ಏನೂ ಇಲ್ಲ. ಹೊರಗೆ ಕಪ್ಪೆ. ಹೆಡ್ಡು ಗೋಣಿಚೀಲದ ಮೇಲೆ ಇಟ್ಟಲ್ಲೇ ಇತ್ತು. ಅಪ್ಪ ಮಗ ಅಲ್ಲೇ ನೆಲದ ಮೇಲೆ ಕೂತರು. ಯಾವಾಗ ಎದ್ದು ಬಂದರೋ ಅವರಿಗೇ ಗೊತ್ತಿಲ್ಲ.

ಬೆಳಗ್ಗೆ ಶಿವು ಮಧುಕರ ಅವರಿಗೆ ಫೋನು ಮಾಡಿ, "ಅದರದೇ ಇಂಜಿನ್ನು ಸಾರ್. ಆದ್ರೆ ನಾನು ಮುಟ್ಟಲ್ಲ, ಬೇರೆಯವರಿಗೆ ಕೊಡಿ" ಅಂದ. ಮಧುಕರ ಕಾರನ್ನ ಲಾರಿ ಮೇಲೆ ಹಾಕಿಸಿಕೊಂಡು ಹೋದರು. ಈಗ ಅದು ಚೆನ್ನಾಗಿ ಓಡ್ತದಂತೆ, ಯಾರಿಗೂ ಏನೂ ಆಗಿಲ್ಲ. ಬಾವಿ ಹತ್ತಿರವೂ ಯಾರೂ ಕೂತಿದ್ದನ್ನ ಕಂಡವರಿಲ್ಲ. ಆದರೂ ನಾನು ಮೊದಲೇ ಹೇಳಿದ ಮಾತು ಮರೀಬೇಡಿ.

ಆ ರಾತ್ರಿಯ ಮಾರನೇ ದಿನ ಮಧ್ಯಾಹ್ನ ಚಿಕ್ಕಮ್ಮ ಫೋನು ಮಾಡಿದರು ಅಂತ ನಾನು ಓಡಿಹೋದೆ. ಚಿಕ್ಕಪ್ಪ ಮಲಗಿದ್ದರು. ಅವರ ಬಲಗೈ ತುಂಬ ಇರುವೆ. ಬೆರಳಿಂದ ಮೊಣಕೈವರೆಗೆ, ಕಪ್ಪಗೆ. ಎಡಗೈ ಮೇಲೆ ಒಂದೂ ಇಲ್ಲ. ಕೈ ಅಂಟಂಟಾಗಿತ್ತು, ಹಸೀ ಕಬ್ಬಿನ ಹಾಲಿನ ವಾಸನೆ. ನಾನೇ ಸೋಪು ಹಾಕಿ ತೊಳೆದೆ, ಇರುವೆ ಮತ್ತೆ ಹತ್ತಿದವು, ಮತ್ತೆ ತೊಳೆದೆ. ಮಂಡ್ಯದಲ್ಲಿ ಡಾಕ್ಟರು ರಕ್ತ ತೆಗೆದು ನೋಡಿದರು. ಸಕ್ಕರೆ ಕಾಯಿಲೆ ಇಲ್ಲ.

ನಂಬದಿದ್ದರೆ ನಾಳೆ ಬೆಳಕಲ್ಲೇ ಹೋಗಿ, ಚಿಕ್ಕಮ್ಮ ಕಾಫಿ ಕೊಡ್ತಾರೆ. ಚಿಕ್ಕಪ್ಪ ಈಗ ಗುಂಡುಕಲ್ಲಿನ ಹಾಗಿದ್ದಾರೆ, ಕಂಬಳಿ ಹೊದ್ದು ಚೆನ್ನಾಗಿ ನಿದ್ದೆ ಮಾಡ್ತಾರೆ. ಅವರ ಮಂಚದ ನಾಲ್ಕೂ ಕಾಲು ನೀರು ತುಂಬಿದ ಬಟ್ಟಲಲ್ಲಿವೆ.