ಎಣ್ಣೆಬಾವಿಯ ಬೀಗ

ವೇಣೂರಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಇಬ್ಬರ ಗಂಡಂದಿರೂ ಗಲ್ಫಿನ ಒಂದೇ ಎಣ್ಣೆಬಾವಿಯಲ್ಲಿ ಕಾವಲಿಗಿದ್ದವರೆಂದು ಮಾತಿನಿಂದ ತಿಳಿಯಿತು.

"ಬಾವಿಯ ವಾಲ್ವ್ ಯಾರೋ ತಿರುಗಿಸಿ ಎಣ್ಣೆಯೆಲ್ಲ ಚೆಲ್ಲಿದ್ದಾರೆ, ಜ್ಯೋತ್ಸ್ನಾ. ವಾಲ್ವಿನ ಬೀಗದ ಕೀ ನಮ್ಮ ಇವರ ಹೆಸರಲ್ಲಿ ಇತ್ತು ಅಂತ ಪೊಲೀಸರು ಇವರನ್ನೇ ಹಿಡಿದಿದ್ದಾರೆ."

"ಗೊತ್ತುಂಟು, ಸರಸಕ್ಕ."

"ಆ ದಿನ ಇವರ ಕೈಯಿಂದ ಕೀ ತೆಗೆದುಕೊಂಡದ್ದು ನಿನ್ನ ಶಿಶಿರ್. ಅದೂ ಗೊತ್ತುಂಟಲ್ಲ?"

ಕಿರಿಯಾಕೆ ದನಿ ತಗ್ಗಿಸಿದರು.

"ಬೀಗಕ್ಕೆ ಗ್ರೀಸ್ ಹಾಕ್ಲಿಕ್ಕೆ ತೆಗೆದದ್ದಂತೆ. ಮತ್ತೆ ಬೀಗ ಹಾಕ್ಲಿಕ್ಕೆ ಮರೆತುಹೋಯ್ತಂತೆ."

"ಅಷ್ಟನ್ನು ಅಲ್ಲಿ ಹೇಳಿದರೆ ಸಾಕು."

"ಹೇಳಿದರೆ ಅವರನ್ನು ಒಳಗೆ ಹಾಕ್ತಾರೆ. ನನಗೆ ಈಗ ಏಳು ತಿಂಗಳು, ಅಕ್ಕ."

"ಇವರಿಗೆ ದಿನಾ ಇನ್ಸುಲಿನ್ ಬೇಕು. ಅಲ್ಲಿ ಸಿಗ್ತದೋ ಇಲ್ವೋ ಯಾರೂ ಹೇಳುವುದಿಲ್ಲ. ನಾನು ಫೋನ್ ಮಾಡಿದರೆ ಶಿಶಿರ್ ಎತ್ತುವುದಿಲ್ಲ. ನೀನು ಮಾಡು."

"ನನ್ನಿಂದ ಆಗುವುದಿಲ್ಲ."

ಬೆಳ್ತಂಗಡಿಯ ಬಸ್ಸು ಬಂತು. ಜ್ಯೋತ್ಸ್ನಾ ಹೊಟ್ಟೆಗೆ ಕೈ ಕೊಟ್ಟು ಎದ್ದು, ನಿಧಾನಕ್ಕೆ ಹತ್ತಿದರು. ಸರಸ ಹಿಂದೆಯೇ ಹತ್ತಿದಾಗ ಜ್ಯೋತ್ಸ್ನಾ ಬಾಗಿಲಲ್ಲೇ ತಿರುಗಿದರು.

"ನಿಮಗೆ ಮೂಡುಬಿದಿರೆ ಬಸ್ಸಲ್ವಾ?"

"ಹೌದು. ನೀನು ಫೋನ್ ಮಾಡುವವರೆಗೆ ನಾನು ಇಳಿಯುವುದಿಲ್ಲ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಡುವಾಗ ಸರಸ ಅವರ ಪಕ್ಕದಲ್ಲೇ ಕೂತಿದ್ದರು.